ಪಹಣಿಯಲ್ಲಿ ಖರಾಬು, ನಮ್ಮ ಬಾಯಲ್ಲಿ ಬ್ಯಾಣ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ನಮಸ್ಕಾರ.

ನಾನು ಹೊಸನಗರ ತಾಲ್ಲೂಕಿನವನು. ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಕೊಟ್ಟಿಗೆಯಲ್ಲಿ ಐದು ದನ. ಮನೆ ಹಿಂದಿನ ದರೆ ಹತ್ತಿ ಹತ್ತು ನಿಮಿಷ ನಡೆದರೆ ನಮ್ಮೂರಿನ ಬ್ಯಾಣ, ಅಂದರೆ ದನ ಮೇಯುವ ಹುಲ್ಲು ಗುಡ್ಡ ಸಿಗುತ್ತದೆ. ಈ ವರ್ಷ ಮಾರ್ಚ್ ಕೊನೆಯಲ್ಲಿ ಆ ಬ್ಯಾಣದ ತುಂಬಾ ಸಾಲಾಗಿ ಗುಂಡಿ ತೋಡಿ ಹೋಗಿದ್ದಾರೆ. ಮಳೆ ಹಿಡಿದ ಮೇಲೆ ಗಿಡ ಬರುತ್ತದಂತೆ. ಗುಂಡಿ ತೋಡುತ್ತಿದ್ದ ಹುಡುಗರನ್ನು ಇಲ್ಲಿ ಯಾಕಪ್ಪಾ ಅಂತ ಕೇಳಿದೆ. "ಖಾಲಿ ಜಾಗ ಅಲ್ವಾ ಅಣ್ಣಾ, ಸುಮ್ನೆ ಬಿದ್ದಿದೆ, ಕಾಡು ಮಾಡ್ತಾರಂತೆ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ದಿನಗೂಲಿಗೆ ಬಂದವರು. ಆದರೆ ನಮ್ಮಜ್ಜನ ಕಾಲದಿಂದ ಊರಿನ ಅಷ್ಟೂ ಮನೆಯ ದನ ಸಾಕಿದ, ತೋಟಕ್ಕೆ ಗೊಬ್ಬರ ಕೊಟ್ಟ, ಕೆಳಗಿನ ಹಳ್ಳಕ್ಕೆ ನೀರು ಬಿಟ್ಟ ಜಾಗಕ್ಕೆ ಖಾಲಿ ಅನ್ನುವ ಹೆಸರು ಹೇಗೆ ಬಂತು ಅಂತ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮರುವಾರ ಪಹಣಿ ತೆಗೆಸಿ ನೋಡಿದೆ. ಸರ್ಕಾರಿ ಜಾಗ, ಖರಾಬು ಅಂತ ಇದೆ. ಖರಾಬು ಅಂದರೆ ಸಾಗುವಳಿಗೆ ಬಾರದ್ದು, ಕಂದಾಯ ಇಲ್ಲದ್ದು ಅನ್ನುವುದು ಕಚೇರಿಯ ಅರ್ಥ, ಅದು ನನಗೂ ಗೊತ್ತು. ಆದರೆ ಜನರ ಬಾಯಲ್ಲಿ ಆ ಪದಕ್ಕೆ ಕೆಟ್ಟದ್ದು, ಹಾಳಾದದ್ದು ಅಂತಲೇ ಅರ್ಥ. ಕಂದಾಯ ಬರುವ ನೆಲ ಒಳ್ಳೆಯದು, ಬಾರದ್ದು ಪಾಳು ಅಂತ ಬ್ರಿಟಿಷರ ಕಾಲದಲ್ಲಿ ಕೂತ ಲೆಕ್ಕ ಇವತ್ತಿಗೂ ಹೋಗಿಲ್ಲ. ದೇಶದ ಪಾಳುಭೂಮಿ ನಕ್ಷೆ ಅಂತ ದೆಹಲಿಯಲ್ಲಿ ಮಾಡುತ್ತಾರಲ್ಲ, ಅದರಲ್ಲೂ ಕುರುಚಲು ಹುಲ್ಲುಗಾವಲೆಲ್ಲ ಪಾಳಿನ ಲೆಕ್ಕಕ್ಕೇ ಬರುತ್ತದೆ. ಪಾಳು ಅಂತ ಒಮ್ಮೆ ಬರೆದ ಮೇಲೆ ಅದನ್ನು ಉದ್ಧಾರ ಮಾಡಬೇಕು ಅಂತ ಯಾರಿಗಾದರೂ ಅನಿಸಿಯೇ ಅನಿಸುತ್ತದೆ. ಹಾಗೇ ಗುಂಡಿ ಬಂತು.

ನಾನು ಗಿಡ ನೆಡುವುದರ ವಿರೋಧಿ ಅಲ್ಲ. ನಮ್ಮ ತೋಟದ ಬೇಲಿಯಲ್ಲಿ ನಾನೇ ನೆಟ್ಟ ಹಲಸು, ಮುರುಗಲು, ಹೊನ್ನೆ ಇದ್ದಾವೆ. ನಾನು ಹೇಳುವುದು ಇಷ್ಟೇ: ಈ ಜಿಲ್ಲೆಯ ಹುಲ್ಲಿನ ನೆಲ ಅನ್ನುವುದು ಒಂದೇ ಜಾತಿಯದಲ್ಲ, ಒಂದೊಂದಕ್ಕೂ ಒಂದು ಹೆಸರು, ಒಂದು ಕೆಲಸ ಇದೆ, ಅದನ್ನು ನೋಡದೆ ಎಲ್ಲವನ್ನೂ ಒಂದೇ ಕಾಲಂಗೆ ಹಾಕಿ ಗಿಡ ನೆಡಬೇಡಿ. ಮೊದಲು ಹೆಸರು ಬರೆಸಿ, ಆಮೇಲೆ ಮಾತಾಡೋಣ.

ಬ್ಯಾಣದಿಂದಲೇ ಶುರು ಮಾಡುತ್ತೇನೆ. ನೀವು ಈ ಜಿಲ್ಲೆಗೆ ಹೊಸಬರಾಗಿದ್ದರೆ ಈ ಪದ ಕೇಳಿರಲಿಕ್ಕಿಲ್ಲ. ಶಿರಸಿ ಕಡೆ ಬೇಣ ಅನ್ನುತ್ತಾರೆ, ನಾವು ಬ್ಯಾಣ ಅನ್ನುತ್ತೇವೆ. ಇಳಿಜಾರಿನ ಹುಲ್ಲು ಗುಡ್ಡ, ನಡುನಡುವೆ ದೂರದೂರಕ್ಕೆ ನೆಲ್ಲಿ, ಕೌಲು, ಮತ್ತಿ, ಅಳಲೆ ಮರ, ಅಂಚಿನಲ್ಲಿ ಕೌಳಿ ಮಟ್ಟಿ, ಕೆಳಗೆ ಕಾನು ಅಂದರೆ ದಟ್ಟ ಕಾಡು, ಅದರ ಕೆಳಗೆ ತೋಟ, ಇನ್ನೂ ಕೆಳಗೆ ಗದ್ದೆ. ಮಲೆನಾಡಿನ ಊರು ಅಂದರೆ ಈ ಮೆಟ್ಟಿಲೇ. ಜೂನ್‌ನಲ್ಲಿ ಮೊದಲ ಮಳೆ ಬಿದ್ದು ವಾರದೊಳಗೆ ನೆಲ ಹಸಿರಾಗುತ್ತದೆ, ದನಕ್ಕೆ ವರ್ಷದಲ್ಲಿ ಸಿಗುವ ಅತ್ಯಂತ ಎಳೆ ಹುಲ್ಲು ಆವಾಗಲೇ. ಶ್ರಾವಣಕ್ಕೆ ಮೊಣಕಾಲುದ್ದ. ನವರಾತ್ರಿ ಹೊತ್ತಿಗೆ ಹುಲ್ಲು ತೆನೆ ಬಿಡುತ್ತದೆ, ಬೆಳಿಗ್ಗೆ ಇಬ್ಬನಿಯಲ್ಲಿ ಇಡೀ ಗುಡ್ಡ ನೇರಳೆ ಬಣ್ಣಕ್ಕೆ ತಿರುಗಿದ ಹಾಗೆ ಕಾಣುತ್ತದೆ, ಒಳಗೆ ನಡೆದರೆ ಲುಂಗಿಗೆಲ್ಲ ಸೂಜಿಯಂಥ ಬೀಜ ಚುಚ್ಚಿಕೊಳ್ಳುತ್ತದೆ. ಮಾರ್ಗಶಿರಕ್ಕೆ ಹುಲ್ಲು ಒಣಗಿ ಹೊಂಬಣ್ಣ. ಆವಾಗ ಅದರ ಹೆಸರು ಹುಲ್ಲು ಅಂತ ಇರುವುದಿಲ್ಲ, ಕರಡ.

ಕರಡ ಕೊಯ್ಯುವುದು ನಮ್ಮ ಊರಲ್ಲಿ ಒಂದು ಸುಗ್ಗಿಯೇ ಆಗಿತ್ತು. ಮನೆಗೊಂದು ಪಾಲು. ಎಲ್ಲಿಂದ ಎಲ್ಲಿಗೆ ಯಾರ ಪಾಲು ಅಂತ ಕಾಗದದಲ್ಲಿ ಎಲ್ಲೂ ಇರಲಿಲ್ಲ, ಈ ನೆಲ್ಲಿ ಮರದಿಂದ ಆ ಹುತ್ತದವರೆಗೆ ಅಂತ ಬಾಯಲ್ಲೇ ಇತ್ತು, ನನಗೆ ನೆನಪಿರುವ ಹಾಗೆ ಅದಕ್ಕಾಗಿ ಒಂದು ಜಗಳವೂ ಆಗಿಲ್ಲ. ಅಪ್ಪಯ್ಯ, ಚಿಕ್ಕಪ್ಪ ಬೆಳಗಿನ ಜಾವ ಹೋಗಿ ಬಿಸಿಲೇರುವುದರೊಳಗೆ ಕೊಯ್ದು ಹಾಕುತ್ತಿದ್ದರು, ಅಮ್ಮ, ಚಿಕ್ಕಮ್ಮ ಹೊರೆ ಕಟ್ಟುತ್ತಿದ್ದರು, ನಾವು ಮಕ್ಕಳು ನೆಲ್ಲಿಕಾಯಿಗೆ ಕಲ್ಲು ಹೊಡೆಯುತ್ತಾ ಮಧ್ಯೆ ಒಂದೊಂದು ಪುಟ್ಟ ಹೊರೆ ಹೊತ್ತು ಇಳಿಯುತ್ತಿದ್ದೆವು. ಅಂಗಳದ ಮೂಲೆಯಲ್ಲಿ ಕರಡದ ಗೊಣಬೆ ಏಳುತ್ತಿತ್ತು. ಅದು ಮಳೆಗಾಲದಲ್ಲಿ ಕೊಟ್ಟಿಗೆಗೆ ಹಾಸು. ದನ ಅದರ ಮೇಲೆ ಮಲಗಿ, ತುಳಿದು, ಸಗಣಿ ಗಂಜಲ ಸೇರಿ ಗೊಬ್ಬರವಾಗಿ ತೋಟಕ್ಕೆ ಹೋಗುತ್ತಿತ್ತು. ಶುಂಠಿ ಮಡಿಗೆ ಮುಚ್ಚಿಗೆ ಅದೇ. ಕಟ್ಟಿಗೆ ಕೊಟ್ಟಿಗೆಯ ಮಾಡಿಗೆ ಅದೇ. ಒಂದು ಎಕರೆ ಅಡಿಕೆ ತೋಟದ ಹಿಂದೆ ಎಷ್ಟು ಗುಡ್ಡದ ಸೊಪ್ಪು, ಎಷ್ಟು ಗುಡ್ಡದ ಕರಡ ಇದೆ ಅಂತ ಅಡಿಕೆ ಮಂಡಿಯಲ್ಲಿ ಯಾರೂ ಕೇಳುವುದಿಲ್ಲ. ಆದರೆ ಅದಿಲ್ಲದೆ ನಾಲ್ಕು ತಲೆಮಾರು ಈ ತೋಟ ನಿಲ್ಲುತ್ತಿರಲಿಲ್ಲ.

ನಮ್ಮ ಮಲೆನಾಡು ಗಿಡ್ಡ ದನದ ಕತೆಯೂ ಇದೇ. ಸೊಂಟದೆತ್ತರದ ದನ, ಹಿಂಡಿ ಬೂಸಾ ಕೇಳುವುದಿಲ್ಲ, ಬೆಳಿಗ್ಗೆ ಬಿಟ್ಟರೆ ಬ್ಯಾಣ ಹತ್ತಿ ಸಂಜೆ ತಾನೇ ಮನೆಗೆ ಬರುತ್ತದೆ. ಆ ಗುಡ್ಡ, ಆ ಮಳೆ, ಆ ಹುಲ್ಲು ಸೇರಿಯೇ ಈ ತಳಿ ಆಗಿದೆ. ಗಿಡ್ಡ ತಳಿ ಉಳಿಸಿ ಅಂತ ಒಂದು ಇಲಾಖೆ ಭಾಷಣ ಮಾಡುತ್ತದೆ, ಅದು ಮೇಯುವ ಜಾಗದಲ್ಲಿ ಇನ್ನೊಬ್ಬರು ಗುಂಡಿ ತೋಡುತ್ತಾರೆ. ಹೋದ ತಿಂಗಳು ನಮ್ಮ ಕೆಂಪಿಯ ಕರು ಅದೇ ಗುಂಡಿಗೆ ಕಾಲು ಹಾಕಿ ಎಂಟು ದಿನ ಕುಂಟಿತು.

ಇನ್ನು ಹಡ್ಲು. ಗದ್ದೆ ಮಾಡುವವರಿಲ್ಲದೆ ಬಿಟ್ಟ ತಗ್ಗು ಜಾಗ, ಒರತೆ ಇರುವ ಕಡೆ ವರ್ಷವಿಡೀ ಕಾಲು ಹೂತುಹೋಗುವ ಕೆಸರು. ಅಲ್ಲಿ ಬೆಳೆಯುವ ಹುಲ್ಲು ಬೇರೆ, ಜೊಂಡು ಬೇರೆ. ಬೇಸಿಗೆಯಲ್ಲಿ ಗುಡ್ಡದ ಹುಲ್ಲೆಲ್ಲ ಒಣಗಿದಾಗ ಹಡ್ಲು ಮಾತ್ರ ಹಸಿರು. ಆವಾಗ ಕಾಡುಕೋಣ, ಕಡವೆ ಇಳಿಯುವುದು ಅಲ್ಲಿಗೆ. ಭದ್ರಾ ಅಭಯಾರಣ್ಯದಲ್ಲಿ, ಅತ್ತ ನಾಗರಹೊಳೆಯಲ್ಲಿ ಪ್ರಾಣಿ ಕಾಣಬೇಕು ಅಂತ ಹೋದವರು ಹಡ್ಲಿನ ಅಂಚಿನಲ್ಲೇ ಕಾಯುತ್ತಾರೆ. ನಮ್ಮ ಊರುಗಳಲ್ಲಿ ಹಡ್ಲಿಗೆ ಮಣ್ಣು ತುಂಬಿ, ಕಾಲುವೆ ತೆಗೆದು ಬಸಿದು, ಅಡಿಕೆ ಹಾಕುತ್ತಾ ಬಂದಿದ್ದೇವೆ. ಆಮೇಲೆ ಕಾಡುಕೋಣ ತೋಟಕ್ಕೆ ನುಗ್ಗಿತು ಅಂತ ಅರ್ಜಿ ಕೊಡುತ್ತೇವೆ. ಎಲ್ಲ ಕಡೆಯ ಕಾರಣ ಇದೇ ಅಂತ ನಾನು ಹೇಳುವುದಿಲ್ಲ, ನಮ್ಮೂರಲ್ಲಂತೂ ನಾನು ಕಣ್ಣಾರೆ ಕಂಡದ್ದು ಇದು.

ಗುಡ್ಡದ ನೆತ್ತಿಯ ಹುಲ್ಲು ಮತ್ತೊಂದು. ಕೊಡಚಾದ್ರಿ ನೋಡಿರುತ್ತೀರಿ, 1,343 ಮೀಟರ್. ಮೇಲೆ ಬೋಳು ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಮಾತ್ರ ದಟ್ಟ ಗಿಡ್ಡ ಮರಗಳ ಶೋಲಾ ಕಾಡು. ಕುದುರೆಮುಖ, ಬಾಬಾಬುಡನ್ ಗಿರಿ, ಮುಳ್ಳಯ್ಯನಗಿರಿ ಎಲ್ಲ ಕಡೆ ಇದೇ ಜೋಡಿ. ಮೇಲೆ ಗಾಳಿ ಜಾಸ್ತಿ, ಮಣ್ಣು ತೆಳು, ಮಳೆ ಸುರಿದರೆ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಮರ ನಿಲ್ಲಲಾರದ ಕಡೆ ಹುಲ್ಲು ನಿಂತಿದೆ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಕುರಿಂಜಿ ಅರಳಿ ಇಡೀ ರಾಜ್ಯ ಕಾರು ಹತ್ತಿ ಬಂತು. ಆ ಹೂವು ಅರಳಿದ್ದು ಇಂಥ ಬೋಳು ಗುಡ್ಡದಲ್ಲೇ. ಬೋಳು ಅಂತ ಅಲ್ಲಿ ತೋಪು ಎಬ್ಬಿಸಿದ್ದರೆ ಹೂವೂ ಇರುತ್ತಿರಲಿಲ್ಲ.

ಸಾಗರ, ಹೊಸನಗರ ಕಡೆ ಜಂಬಿಟ್ಟಿಗೆ ಕಲ್ಲಿನ ಹಾಸು ಅಂತ ಇದೆ. ಬೇಸಿಗೆಯಲ್ಲಿ ಕಾಲಿಟ್ಟರೆ ಸುಡುತ್ತದೆ, ಒಂದು ಹಸಿರು ಎಲೆ ಕಾಣುವುದಿಲ್ಲ. ಮಳೆಗಾಲದಲ್ಲಿ ಅದೇ ಕಲ್ಲಿನ ಮೇಲೆ ಎರಡು ಬೆರಳು ಮಣ್ಣಿನಲ್ಲಿ ಸಣ್ಣ ಹುಲ್ಲು, ಅಂಗಿ ಗುಂಡಿಯಂಥ ಬಿಳಿ ಹೂವು, ನೀಲಿ ಹೂವು, ಅಂಟು ಎಲೆಯಲ್ಲಿ ಹುಳ ಹಿಡಿದು ತಿನ್ನುವ ಪುಟ್ಟ ಕೆಂಪು ಗಿಡ, ಎಲ್ಲ ಮೂರು ತಿಂಗಳಲ್ಲಿ ಹುಟ್ಟಿ ಹೂಬಿಟ್ಟು ಬೀಜ ಉದುರಿಸಿ ಮುಗಿಸುತ್ತವೆ. ಫೆಬ್ರವರಿಯಲ್ಲಿ ಸರ್ವೆಗೆ ಬಂದವರಿಗೆ ಅಲ್ಲಿ ಕಲ್ಲು ಕ್ವಾರಿಗೆ ಯೋಗ್ಯ ಜಾಗ ಅಂತ ಮಾತ್ರ ಕಾಣುತ್ತದೆ. ಅವರನ್ನು ಆಗಸ್ಟ್‌ನಲ್ಲಿ ಕಳಿಸಿ ನೋಡಿ.

ಲಿಂಗನಮಕ್ಕಿ ಹಿನ್ನೀರು ಇಳಿದ ಮೇಲೆ ಏಳುವ ಹುಲ್ಲನ್ನೂ ಮರೆಯಬಾರದು. 1964ರಲ್ಲಿ ಕಟ್ಟಿದ ಅಣೆಕಟ್ಟು ಎಷ್ಟೋ ಊರು, ಗದ್ದೆ, ಬ್ಯಾಣ ಎಲ್ಲ ನುಂಗಿತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅದೇ ಮುಳುಗಿದ ನೆಲ ಹಸಿರು ಹೊದ್ದು ಹೊರಗೆ ಬರುತ್ತದೆ, ಅಂಚಿನ ಊರಿನ ದನ ಅಲ್ಲಿ ಎರಡು ಮೂರು ತಿಂಗಳು ಮೇಯುತ್ತವೆ.

ಜಿಲ್ಲೆಯ ಪೂರ್ವಕ್ಕೆ, ಶಿಕಾರಿಪುರ ಭದ್ರಾವತಿ ದಾಟಿ ಬಯಲುಸೀಮೆಗೆ ಹೋದರೆ ಕಾವಲು. ಮೈಸೂರು ಅರಸರ ದನಗಳನ್ನು ನೋಡಿಕೊಳ್ಳುವ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರು, ಅದೇ ಟಿಪ್ಪು ಕಾಲಕ್ಕೆ ಅಮೃತಮಹಲ್ ಆಯಿತು. ಅದರ ದನಗಳಿಗೆ ಅಂತಲೇ ಮೀಸಲಿಟ್ಟ ಲಕ್ಷಗಟ್ಟಲೆ ಎಕರೆ ಹುಲ್ಲುಗಾವಲು ಆ ಕಾವಲುಗಳು. ಇವತ್ತು ಉಳಿದಿರುವುದು ಅದರಲ್ಲಿ ಸಣ್ಣ ಪಾಲು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆ ಅಂತ ಅಭಯಾರಣ್ಯ ಮಾಡಿದರು, 119 ಚದರ ಕಿಲೋಮೀಟರ್. ಆ ಬಯಲಿನಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಇತ್ತು. ಅದೇ ಅಭಯಾರಣ್ಯದಲ್ಲಿ ನೀಲಗಿರಿ ತೋಪು ಬೆಳೆಸಿದರು. ಬಯಲಲ್ಲಿ ಓಡುವ ಜಿಂಕೆಗೆ, ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಗೆ ತೋಪು ಯಾಕೆ? ಕೃಷ್ಣಮೃಗ ಉಳಿದುಕೊಂಡಿದೆ, ಎರೆಭೂತ ಅಲ್ಲಿ ಈಗ ಇಲ್ಲ.

ಪ್ರಪಂಚದಲ್ಲೂ ಹೀಗೇ. ಅಮೆರಿಕದ ಪ್ರೇರಿ, ಅರ್ಜೆಂಟೀನಾದ ಪಾಂಪಾಸ್, ಮಧ್ಯ ಏಷ್ಯಾದ ಸ್ಟೆಪ್ಪಿ, ಆಫ್ರಿಕಾದ ಸವನ್ನಾ ಅಂತ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು. ಅವನ್ನು ಯಾರೂ ಹಾಳಾದ ಕಾಡು ಅನ್ನುವುದಿಲ್ಲ. ಅದೇ ಪಾಠದಲ್ಲಿ ಬ್ಯಾಣದ ಹೆಸರೂ ಇದ್ದಿದ್ದರೆ ಗುಂಡಿ ತೋಡುವ ಹುಡುಗರಿಗೂ ಗೊತ್ತಿರುತ್ತಿತ್ತು.

ಹುಲ್ಲುಗಾವಲು ಅಂದರೆ ಮೊದಲು ಕಾಡಾಗಿದ್ದು ಆಮೇಲೆ ಜನ ಕಡಿದು ಸುಟ್ಟು ಹಾಗಾಗಿದ್ದು, ಆದ್ದರಿಂದ ಮತ್ತೆ ಮರ ನೆಟ್ಟರೆ ಸರಿಹೋಗುತ್ತದೆ ಅಂತ ಒಂದು ನಂಬಿಕೆ ಇದೆ. ಕೆಲವು ಕಡೆ ಅದು ನಿಜ ಇರಬಹುದು, ನಮ್ಮ ಬ್ಯಾಣಗಳಲ್ಲೂ ಜನರ ಕೈ, ದನದ ಬಾಯಿ, ಬೆಂಕಿ ಎಲ್ಲ ಸೇರಿದೆ. ಆದರೆ ಎತ್ತರದ ಗುಡ್ಡಗಳ ಹುಲ್ಲು ಮನುಷ್ಯ ಮಾಡಿದ್ದಲ್ಲ. ನೀಲಗಿರಿ ಬೆಟ್ಟದ ಜೌಗಿನಲ್ಲಿ ಪದರ ಪದರವಾಗಿ ಕೂತ ಹಳೇ ಮಣ್ಣನ್ನು ತೆಗೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಸೇರಿ ಪರೀಕ್ಷೆ ಮಾಡಿ 1993ರಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷದ ಹಿಂದೆ ಹವೆ ಒಣಗಿದ್ದ ಕಾಲದಲ್ಲಿ ಅಲ್ಲಿ ಹುಲ್ಲೇ ಹರಡಿತ್ತು. ಮಳೆ ಹೆಚ್ಚಿದಾಗ ಕಾಡು ಹಿಗ್ಗಿದೆ, ಕಡಿಮೆಯಾದಾಗ ಹುಲ್ಲು ಹಿಗ್ಗಿದೆ. ಕೊಡಲಿ ಹಿಡಿದು ಬೇಸಾಯ ಮಾಡುವವರು ಬರುವುದಕ್ಕಿಂತ ಎಷ್ಟೋ ಮೊದಲಿನ ಮಾತು ಅದು.

ಹುಲ್ಲು ಬದುಕುವ ರೀತಿಯೇ ಬೇರೆ. ಮರದ ಚಿಗುರು ತುದಿಯಲ್ಲಿ, ಹುಲ್ಲಿನ ಚಿಗುರು ಬುಡದಲ್ಲಿ. ದನ ಮೇಲಿನ ಎಲೆ ಕಚ್ಚಿಕೊಂಡು ಹೋದರೂ, ಬೆಂಕಿ ಬಂದು ಮೇಲಿನದ್ದು ಬೂದಿಯಾದರೂ ಬುಡ ಮಣ್ಣಿನಲ್ಲಿ ತಂಪಾಗಿರುತ್ತದೆ, ಮತ್ತೆ ಏಳುತ್ತದೆ. ಮರ ತನ್ನ ಸಂಪತ್ತನ್ನೆಲ್ಲ ಮೇಲೆ ಕಾಂಡದಲ್ಲಿ ಇಟ್ಟುಕೊಂಡರೆ ಹುಲ್ಲುಗಾವಲು ಜಾಸ್ತಿ ಪಾಲನ್ನು ನೆಲದೊಳಗೆ, ಬೇರಿನಲ್ಲಿ, ಮಣ್ಣಿನಲ್ಲಿ ಇಡುತ್ತದೆ. ಇಂಗಾಲ ಹಿಡಿಯಲು ಗಿಡ ನೆಡುತ್ತೇವೆ ಅನ್ನುತ್ತಾರೆ. ಆದರೆ ಗುಂಡಿ ತೋಡಿ, ಜೆಸಿಬಿ ಹಾಯಿಸಿ ನೂರಾರು ವರ್ಷ ಕಟ್ಟಿದ ಆ ಮಣ್ಣನ್ನು ಮೇಲೆ ಕೆಳಗೆ ಮಾಡಿದರೆ ಒಳಗಿದ್ದದ್ದು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ ಯಾರು ಹಾಕುತ್ತಾರೆ?

ನೀರಿನ ಮಾತು ಇನ್ನೂ ದೊಡ್ಡದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಂಥ ಮಳೆ ಇಳಿಜಾರಿಗೆ ನೇರ ಹೊಡೆದರೆ ಮಣ್ಣು ಉಳಿಯುವುದಿಲ್ಲ. ದಟ್ಟ ಹುಲ್ಲು ಅದನ್ನು ಹಿಡಿದು, ನಿಧಾನ ಮಾಡಿ, ಒಳಗೆ ಇಳಿಸುತ್ತದೆ. ತುಂಗಾ, ಭದ್ರಾ ಹುಟ್ಟುವ ಗಂಗಾಮೂಲ ಇರುವುದು ಕುದುರೆಮುಖದ ಆ ಶೋಲಾ ಮತ್ತು ಹುಲ್ಲು ಬೆಟ್ಟಗಳ ನಡುವೆ. ನೀವು ಕಚೇರಿಯಲ್ಲಿ ಕುಡಿಯುವ ತುಂಗೆಯ ನೀರಿನ ಮೊದಲ ಮನೆ ಅದು. ನಮ್ಮ ಮನೆಗೆ ನೀರು ಬರುವುದೂ ಗುಡ್ಡದ ಒರತೆಯಿಂದ, ಹಿಂದೆ ಅಡಿಕೆ ದಂಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ. ಮೋಟಾರು ಬೇಡ, ಕರೆಂಟು ಬೇಡ.

ಹುಲ್ಲಿನ ಗುಡ್ಡದಲ್ಲಿ ವರ್ಷವಿಡೀ ಹಸಿರಾಗಿದ್ದು ಭರಭರ ಬೆಳೆಯುವ ಹೊರಗಿನ ಮರ ನೆಟ್ಟರೆ ಅದು ವರ್ಷವಿಡೀ ನೀರೂ ಕುಡಿಯುತ್ತದೆ. ಊಟಿ ಕಡೆ ಅಕ್ಕಪಕ್ಕದ ಎರಡು ಹಳ್ಳದ ಕಣಿವೆ ಆರಿಸಿ, ಒಂದನ್ನು ಇದ್ದ ಹಾಗೇ ಬಿಟ್ಟು, ಇನ್ನೊಂದರ ಅರ್ಧಕ್ಕಿಂತ ಜಾಸ್ತಿ ಜಾಗದಲ್ಲಿ ನೀಲಗಿರಿ ನೆಟ್ಟು ವರ್ಷಗಟ್ಟಲೆ ನೀರು ಅಳೆದರು. ನೀಲಗಿರಿ ನೆಟ್ಟ ಕಣಿವೆಯ ಹಳ್ಳದಲ್ಲಿ ನೀರು ಕಡಿಮೆಯಾಯಿತು. ದಕ್ಷಿಣ ಆಫ್ರಿಕಾದಲ್ಲಿ 1995ರಿಂದ ಸರ್ಕಾರವೇ ದುಡ್ಡು ಕೊಟ್ಟು, ಕೂಲಿ ಕೊಟ್ಟು, ನದಿ ಹುಟ್ಟುವ ಗುಡ್ಡಗಳಿಂದ ಹೊರಗಿನ ಅಕೇಶಿಯಾ ಜಾತಿಯ ಮರಗಳನ್ನು ಕಡಿಸುತ್ತಿದೆ, ನೀರು ಉಳಿಯಲಿ ಅಂತ. ಅವರು ಕಡಿಯುತ್ತಿರುವುದನ್ನು ನಾವು ನೆಡುತ್ತಿದ್ದೇವೆ.

ನಮ್ಮ ಜಿಲ್ಲೆಗೆ ಇದು ಹೊಸ ಪಾಠ ಅಲ್ಲ ಸ್ವಾಮಿ. 1984ರಲ್ಲಿ ಶಿವಮೊಗ್ಗ, ಚಿಕ್ಕಮಗಳೂರು ಸೇರಿ ಕೆಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆ ಜಮೀನನ್ನು, ಅಂದರೆ ಸಾಗುವಳಿಗೆ ಬಾರದ್ದು ಅಂತ ಲೆಕ್ಕ ಹಾಕಿದ ಸರ್ಕಾರಿ ಜಾಗವನ್ನು, ಕಾರ್ಖಾನೆಗೆ ನಾರು ತೆಗೆಯುವ ಮರ ಬೆಳೆಸಲು ಸರ್ಕಾರ ಮತ್ತು ಒಂದು ಖಾಸಗಿ ಕಾರ್ಖಾನೆ ಸೇರಿ ಮಾಡಿದ ಕಂಪನಿಗೆ ಕೊಡಲು ಹೊರಟಾಗ ಜನ ಎದ್ದರು. ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತರು, ಊರಿಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಆ ಕಂಪನಿಯೇ ಮುಚ್ಚಿತು. 2017ರಲ್ಲಿ ನೀಲಗಿರಿ ಹೊಸದಾಗಿ ನೆಡಬಾರದು ಅಂತ ಸರ್ಕಾರವೇ ಹೇಳಿತು. 2020ರಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗೆ ಮರ ಬೆಳೆಸಲು ಕೊಟ್ಟಿದ್ದ 40 ವರ್ಷದ ಗುತ್ತಿಗೆ ಮುಗಿದು ಮತ್ತೆ 40 ವರ್ಷಕ್ಕೆ ಮುಂದುವರಿಸುವ ಆದೇಶ ಬಂದಾಗ "ನಮ್ಮೂರಿಗೆ ಅಕೇಶಿಯಾ ಮರ ಬೇಡ" ಅಂತ ಮಲೆನಾಡಿನ ಊರೂರಲ್ಲಿ ಸಭೆ ಆಯಿತು. ನಾನೂ ಹೋಗಿದ್ದೆ. ಅಕೇಶಿಯಾದಿಂದ ಕಟ್ಟಿಗೆ ಸಿಕ್ಕಿದೆ, ಕೆಲವರ ಮನೆಗೆ ಕಿಟಕಿ ಬಾಗಿಲೂ ಆಗಿದೆ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಅದರ ಬುಡದಲ್ಲಿ ಬಿದ್ದ ಎಲೆ ಬೇಗ ಕೊಳೆಯುವುದಿಲ್ಲ, ದಪ್ಪನೆ ಹಾಸಾಗಿ ಕೂರುತ್ತದೆ, ಹುಲ್ಲು ಏಳುವುದಿಲ್ಲ. ಪಕ್ಕದೂರಿನ ಅಕೇಶಿಯಾ ತೋಪಿನೊಳಗೆ ಹೋಗಿ ಒಂದು ಗಂಟೆ ನಿಂತು ನೋಡಿ. ಟಿಟ್ಟಿಭದ ಕೂಗಿಲ್ಲ, ಬುರ್ಲಿ ಹಕ್ಕಿ ಹಾರುವುದಿಲ್ಲ, ದನ ಒಳಗೆ ಕಾಲಿಡುವುದಿಲ್ಲ.

ಈಗ ಬರುತ್ತಿರುವುದು ಅಕೇಶಿಯಾ ಅಲ್ಲ, ಊರ ಜಾತಿಯ ಗಿಡ ಅಂತ ಹೇಳುತ್ತಾರೆ. ಇರಬಹುದು. ಎಲ್ಲೋ ಹೆದ್ದಾರಿಗೆ, ಕರೆಂಟ್ ಲೈನಿಗೆ ಕಾಡು ಹೋದರೆ ಅದರ ಬದಲಿಗೆ ಇನ್ನೆಲ್ಲೋ ಗಿಡ ಬೆಳೆಸಬೇಕು ಅಂತ ನಿಯಮ ಇದೆ. ಅದರ ದುಡ್ಡಿಗೆ ಅಂತಲೇ 2016ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ದುಡ್ಡಿದೆ, ಗುರಿ ಇದೆ, ಜಾಗ ಬೇಕು. ಜಾಗ ಹುಡುಕಿದರೆ ಸಿಗುವುದು ಬ್ಯಾಣ, ಗೋಮಾಳ, ಹುಲ್ಲುಬನ್ನಿಯಂಥ ದನ ಮೇಯುವ ಸರ್ಕಾರಿ ಜಾಗ. ನೇರಳೆ, ಹೊನ್ನೆ ಒಳ್ಳೆಯ ಮರಗಳೇ. ಆದರೂ ಗುಡ್ಡದ ತುಂಬಾ ಮೂರು ಮೀಟರಿಗೊಂದು ನೆಟ್ಟರೆ ಹುಲ್ಲು ಹೋಗುತ್ತದೆ. ಅಲ್ಲಿ ಒಂದು ಕಾಡು ಕಡಿದರು, ಇಲ್ಲಿ ಒಂದು ಹುಲ್ಲುಗಾವಲು ತೆಗೆದರು. ಲೆಕ್ಕದಲ್ಲಿ ಮಾತ್ರ ಹಸಿರು ಜಾಸ್ತಿಯಾಯಿತು.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಬ್ಯಾಣ ಕಳೆದುಹೋಗುತ್ತಿರುವುದು ಬರೀ ಗುಂಡಿಯಿಂದ ಅಲ್ಲ. ಅಡಿಕೆಗೆ ಬೆಲೆ ಬಂದಾಗ ಜೆಸಿಬಿ ತಂದು ಗುಡ್ಡ ಮಟ್ಟ ಮಾಡಿದವರು ನಾವೇ. ಶುಂಠಿಗೆ ಗುತ್ತಿಗೆ ಕೊಟ್ಟು ಎರಡು ವರ್ಷದಲ್ಲಿ ಮಣ್ಣಿನ ಜೀವ ತೆಗೆಸಿದವರೂ ಇದ್ದಾರೆ. ಬಗರ್ ಹುಕುಂ ಅರ್ಜಿ ಹಾಕಲು ಬೇಲಿ ಸರಿಸಿದ್ದು ಎಲ್ಲರಿಗೂ ಗೊತ್ತು. ಊರಲ್ಲಿ ದನ ಕಡಿಮೆಯಾದವು, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಕರಡ ಕೊಯ್ಯಲು ಮಕ್ಕಳು ಊರಲ್ಲಿಲ್ಲ. ಕೊಯ್ಯದೆ, ಮೇಯಿಸದೆ ಬಿಟ್ಟ ಬ್ಯಾಣಕ್ಕೆ ಲಂಟಾನ, ಯುಪಟೋರಿಯಂ ಕಳೆ ಹತ್ತುತ್ತದೆ. ಹಿಂದೆ ಊರವರೇ ಸೇರಿ ಬೆಂಕಿಗೆರೆ ತೆಗೆದು, ಕಾನಿನ ಅಂಚು ಕಾಯುತ್ತಿದ್ದರು. ಈಗ ಮಾರ್ಚ್ ಏಪ್ರಿಲ್‌ನಲ್ಲಿ ಯಾರೋ ಬೀಡಿ ಎಸೆದರೆ ಬೆಂಕಿ ಕಾನಿನ ಒಳಗೂ ಹೋಗುತ್ತದೆ. ಇದೆಲ್ಲ ನಿಜ. ಅದಕ್ಕೇ ಸರ್ಕಾರ ಸುಮ್ಮನೆ ದೂರ ನಿಲ್ಲಲಿ ಅಂತ ನಾನು ಕೇಳುತ್ತಿಲ್ಲ, ನಮ್ಮ ಜೊತೆ ನಿಲ್ಲಿ ಅಂತ ಕೇಳುತ್ತಿದ್ದೇನೆ.

ನಿಮ್ಮ ಕೈಯಲ್ಲಿ ಆಗುವ ಕೆಲಸಗಳೇ ಇವು, ವಿಧಾನಸೌಧಕ್ಕೆ ಹೋಗಬೇಕಾಗಿಲ್ಲ. ಈ ಮಳೆಗಾಲದ ಗಿಡ ನೆಡುವ ಪಟ್ಟಿಯಲ್ಲಿರುವ ಕಂದಾಯ ಜಾಗಗಳನ್ನು ಒಮ್ಮೆ ಊರವರನ್ನು ಕರೆದುಕೊಂಡು ನಡೆದು ನೋಡಲು ನಿಮ್ಮ ತಹಶೀಲ್ದಾರರಿಗೆ ಹೇಳಿ. ಬ್ಯಾಣ, ಹಡ್ಲು, ಕಲ್ಲುಹಾಸು ಆಗಿದ್ದರೆ ಪಟ್ಟಿಯಿಂದ ತೆಗೆಸಿ. ಗಿಡ ಬೇಕಾದ ಜಾಗ ಬೇಕಾದಷ್ಟಿದೆ, ರಸ್ತೆ ಬದಿ ಇದೆ, ಶಾಲೆ ಅಂಗಳ ಇದೆ, ಕುಸಿದ ಹೊಳೆ ದಂಡೆ ಇದೆ, ಕಡಿದು ಹಾಳಾದ ಕಾನು ಇದೆ. ಅಲ್ಲಿಗೆ ಕರೆದರೆ ನಾನೇ ಗುದ್ದಲಿ ತರುತ್ತೇನೆ.

ಗೋಮಾಳದ ಲೆಕ್ಕ ಇನ್ನೊಂದು. 100 ದನಕ್ಕೆ 30 ಎಕರೆ ಗೋಮಾಳ ಇರಬೇಕು ಅಂತ ನಮ್ಮ ಭೂಕಂದಾಯ ನಿಯಮದಲ್ಲೇ ಇದೆ. ಊರೂರಿನ ದನಗಣತಿ ಪಶು ಇಲಾಖೆಯಲ್ಲಿ ಇರುತ್ತದೆ, ಗೋಮಾಳದ ಅಳತೆ ನಿಮ್ಮ ಕಚೇರಿಯಲ್ಲಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಪಂಚಾಯಿತಿ ಗೋಡೆಗೆ ಅಂಟಿಸಿದರೆ ಸಾಕು, ಎಲ್ಲಿ ಎಷ್ಟು ಕಳೆದಿದೆ ಅಂತ ಜನರಿಗೇ ಕಾಣುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೆ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಒಂದು ದಾಖಲಾತಿ ಪುಸ್ತಕ ಇರಬೇಕು. ಆ ಪುಸ್ತಕದಲ್ಲಿ ಬ್ಯಾಣದ ಹೆಸರು, ಹುಲ್ಲಿನ ಹೆಸರು, ಯಾವ ತಿಂಗಳು ಯಾರು ಕೊಯ್ಯುತ್ತಿದ್ದರು, ಎಲ್ಲಿ ಒರತೆ ಇದೆ ಎಲ್ಲ ಬರೆಸಿ. ನಮ್ಮ ಅಮ್ಮನಿಗೆ ಈಗ 78 ವರ್ಷ. ಕರಡ, ಮುಳಿ, ಲಾವಂಚ, ಗರಿಕೆ ಅಷ್ಟೇ ಅಲ್ಲದೆ ನನಗೆ ಗುರುತೇ ಸಿಗದ ಎಷ್ಟೋ ಹುಲ್ಲಿನ ಹೆಸರು, ಯಾವುದು ದನಕ್ಕೆ ಹಾಲು ಇಳಿಸುತ್ತದೆ, ಯಾವುದು ತಿಂದರೆ ಹೊಟ್ಟೆ ಉಬ್ಬುತ್ತದೆ ಅಂತ ಹೇಳುತ್ತಾರೆ. ಬರೆದುಕೊಳ್ಳುವವರು ಬರಬೇಕು, ಬೇಗ ಬರಬೇಕು.

ಇದೇ ಜಿಲ್ಲೆಯಲ್ಲಿ ದಾರಿ ಮಾಡಿಕೊಟ್ಟ ಉದಾಹರಣೆಯೂ ಇದೆ. ಅಂಬಾರಗುಡ್ಡದ ಶೋಲಾ ಮತ್ತು ಹುಲ್ಲುಗಾವಲನ್ನು ಅದೇ ಕಾಯ್ದೆಯಡಿ 2011ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ಹುಲ್ಲುಗಾವಲು ಕಾಪಾಡಬೇಕಾದ ಆಸ್ತಿ ಅಂತ ಶಿವಮೊಗ್ಗ ಜಿಲ್ಲೆಯ ಒಂದು ಗುಡ್ಡಕ್ಕೆ ಸರ್ಕಾರವೇ ಒಪ್ಪಿಕೊಂಡಿದೆ. ಅಷ್ಟು ದೊಡ್ಡ ಪಟ್ಟ ನಮ್ಮೂರಿನ ಪುಟ್ಟ ಬ್ಯಾಣಕ್ಕೆ ನಾನು ಕೇಳುತ್ತಿಲ್ಲ. ಖರಾಬು ಅಂತ ಇರುವ ಕಡೆ ಹುಲ್ಲುಗಾವಲು ಅಂತ ಒಂದು ಷರಾ ಬರೆಸಿ ಅಂತ ಕೇಳುತ್ತಿದ್ದೇನೆ. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಸಾರಿದೆ. ಶಿವಮೊಗ್ಗದಲ್ಲಿ ಅದರ ಹೆಸರಿನಲ್ಲಿ ಒಂದು ಸಭೆ ಮಾಡಿ ಹಾರ ಹಾಕುವ ಬದಲು ಈ ಷರಾ ಬರೆಸಿದರೆ ಸಾಕು.

ಒಮ್ಮೆ ಬಂದು ನೋಡಿ ಅಂತ ಕೈಮುಗಿದು ಕೇಳುತ್ತೇನೆ. ಜೀಪು ನಮ್ಮ ಮನೆಯವರೆಗೆ ಬರುತ್ತದೆ, ಅಲ್ಲಿಂದ ನಡೆಯಬೇಕು. ಬರುವುದಾದರೆ ಮಳೆ ಜೋರಾಗುವ ಮೊದಲೇ ಬನ್ನಿ, ಆಮೇಲೆ ಇಂಬಳ ಜಾಸ್ತಿ, ಗಿಡದ ಲಾರಿಯೂ ಬಂದಿರುತ್ತದೆ. ಗುಂಡಿಗಳನ್ನು ನಾನು ಎಣಿಸಿದ್ದೇನೆ, 412 ಇವೆ. ಗಿಡ ಬೇಡ ಅಂತ ನೀವು ಒಂದು ಮಾತು ಹೇಳಿದರೆ ಅಷ್ಟನ್ನೂ ಊರವರೇ ಸೇರಿ ಮುಚ್ಚುತ್ತೇವೆ, ಕೂಲಿ ಕೇಳುವುದಿಲ್ಲ.

ಇಂತಿ,
ಹೊಸನಗರ ತಾಲ್ಲೂಕಿನ ಒಬ್ಬ ರೈತ